ಹಳೆಯ ವಿಮಾನದ ಭಾಗ ಕಳಚಿ ಬಿದ್ದರೆ ಹೊಣೆ ಯಾರು?

2019ರ ಸೆಪ್ಟೆಂಬರ್ 17ರ ಬೆಳಿಗ್ಗೆ ಚಳ್ಳಕೆರೆ ತಾಲ್ಲೂಕಿನ ಜೋಡಿ ಚಿಕ್ಕೇನಹಳ್ಳಿಯ ಜಮೀನೊಂದರಲ್ಲಿ ಆಕಾಶದಿಂದ ಒಂದು ವಿಮಾನ ಬಂದು ಬಿದ್ದಿತು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯು ನಮ್ಮ ತಾಲ್ಲೂಕಿನಲ್ಲಿ 2017ರ ಮೇ ತಿಂಗಳಲ್ಲಿ ಉದ್ಘಾಟಿಸಿದ ವೈಮಾನಿಕ ಪರೀಕ್ಷಾ ಕೇಂದ್ರದಿಂದ ಹಾರಿದ್ದ ರುಸ್ತುಂ-2 ಎಂಬ ಚಾಲಕರಹಿತ ವಿಮಾನ ಅದು. ಸುತ್ತಲಿನ ಹಳ್ಳಿಗಳ ಜನ ನೆರೆದರು. 2023ರ ಆಗಸ್ಟ್ 20ರಂದು ಅದೇ ಬಗೆಯ ಮತ್ತೊಂದು ವಿಮಾನ ನೆರೆಯ ಹಿರಿಯೂರು ತಾಲ್ಲೂಕಿನ ವದ್ದೀಕೆರೆ ಬಳಿ ಬಿದ್ದಿತು. ದೈವಕೃಪೆಯಿಂದ ಎರಡೂ ಸಲ ಯಾರಿಗೂ ಪ್ರಾಣಾಪಾಯವಾಗಲಿಲ್ಲ.

ಈ ಎರಡು ಪ್ರಕರಣಗಳಲ್ಲಿ ಹೊಣೆ ಯಾರದೆಂಬ ಪ್ರಶ್ನೆಗೆ ಉತ್ತರ ಸುಲಭ. ವಿನ್ಯಾಸ ಮಾಡಿದವರು, ಹಾರಿಸಿದವರು, ಒಡೆಯರು ಎಲ್ಲರೂ ಒಂದೇ ಸಂಸ್ಥೆಗೆ ಸೇರಿದವರು. ಆದರೆ ನೂರಾರು ಜನರನ್ನು ಹೊತ್ತು ನಮ್ಮ ತಲೆಯ ಮೇಲೆ ನಿತ್ಯ ಸಂಚರಿಸುವ ಪ್ರಯಾಣಿಕ ವಿಮಾನಗಳ ವಿಷಯ ಹಾಗಲ್ಲ. 2022ರ ಫೆಬ್ರವರಿ 9ರಂದು ಮುಂಬಯಿಯಿಂದ ಭುಜ್‌ಗೆ ಹೊರಟ ಅಲಯನ್ಸ್ ಏರ್ ಸಂಸ್ಥೆಯ ವಿಮಾನದ ಎಂಜಿನ್ ಮುಚ್ಚಳ ಮುಂಬಯಿ ನಿಲ್ದಾಣದಲ್ಲಿಯೇ ಕಳಚಿ ಬಿದ್ದಿತು. 2025ರ ಸೆಪ್ಟೆಂಬರ್ 12ರಂದು ಕಾಂಡ್ಲಾದಿಂದ ಮೇಲೇರಿದ ಸ್ಪೈಸ್‌ಜೆಟ್ ವಿಮಾನದ ಒಂದು ಚಕ್ರವೇ ಬೇರ್ಪಟ್ಟಿತು. ಎರಡೂ ವಿಮಾನಗಳು ಸುರಕ್ಷಿತವಾಗಿ ಇಳಿದವು. ಇಂತಹ ಸುದ್ದಿ ಬಂದಾಗಲೆಲ್ಲ ವಿಮಾನ ಹಳೆಯದಾಗಿತ್ತೇ, ತಯಾರಕರ ತಪ್ಪೇ, ರಿಪೇರಿ ಮಾಡಿದವರ ತಪ್ಪೇ, ಸರ್ಕಾರ ಏನು ಮಾಡುತ್ತಿತ್ತು ಎಂದು ನಾಲ್ಕು ದಿನ ಚರ್ಚೆಯಾಗಿ ಮರೆತುಹೋಗುತ್ತದೆ.

ಶೇಂಗಾ ಎಣ್ಣೆ ಗಿರಣಿ, ಕಂಬಳಿ, ರೇಷ್ಮೆ ಸೀರೆಗಳ ವ್ಯವಹಾರ ಮಾಡುವ ನಮಗೆ ಇದರಿಂದ ಆಗಬೇಕಾದುದೇನು ಎಂದು ಸದಸ್ಯ ಬಂಧುಗಳು ಕೇಳಬಹುದು. ಒಂದು ವಸ್ತು ಹಲವರ ಕೈ ದಾಟಿ ಬಂದು ಹಲವು ವರ್ಷ ದುಡಿದ ಮೇಲೆ ಮುರಿದುಬಿದ್ದು ಯಾರಿಗಾದರೂ ಕೆಡುಕಾದರೆ ಹೊಣೆ ಯಾರದೆಂಬುದು ವಿಮಾನಕ್ಕೆ ಎಷ್ಟು ಅನ್ವಯವೋ, ಚಳ್ಳಕೆರೆಯ ಗಿರಣಿಗೂ ಮೊಳಕಾಲ್ಮೂರಿನ ಅಂಗಡಿಗೂ ಅಷ್ಟೇ ಅನ್ವಯ. ವಿಮಾನಯಾನದ ಜಗತ್ತು ಈ ಪ್ರಶ್ನೆಗೆ ಉತ್ತರವನ್ನು ಬಹಳ ಪ್ರಾಣಗಳ ಬೆಲೆ ತೆತ್ತು ಕಂಡುಕೊಂಡಿದೆ. ನಾವು ಅದನ್ನು ಪುಕ್ಕಟೆಯಾಗಿ ಕಲಿಯಬಹುದಾಗಿದೆ.

ಒಂದು ವಿಮಾನ, ಹಲವು ಕೈಗಳು

ಭಾರತದ ವಿಮಾನ ಕಂಪನಿಗಳು ಹಾರಿಸುವ ವಿಮಾನಗಳಲ್ಲಿ ಬಹುಪಾಲು ಅವುಗಳ ಸ್ವಂತದ್ದಲ್ಲ, ವಿದೇಶಿ ಸಂಸ್ಥೆಗಳಿಂದ ಗುತ್ತಿಗೆಗೆ ಪಡೆದವು. ಒಡೆಯ ಐರ್ಲೆಂಡಿನಲ್ಲಿ, ತಯಾರಕ ಅಮೆರಿಕದಲ್ಲಿ ಅಥವಾ ಫ್ರಾನ್ಸಿನಲ್ಲಿ, ದೊಡ್ಡ ದುರಸ್ತಿ ಮತ್ತೊಂದು ದೇಶದ ಕಾರ್ಯಾಗಾರದಲ್ಲಿ. ಬಿಡಿಭಾಗಗಳು ನಮ್ಮ ರಾಜ್ಯದವೂ ಆಗಿರಬಹುದು. ಬೆಳಗಾವಿಯ ವಿಶೇಷ ಆರ್ಥಿಕ ವಲಯದಿಂದ ಏರ್‌ಬಸ್ ವಿಮಾನಗಳಿಗೆ ಭಾಗಗಳು ಹೋಗುತ್ತವೆ. ಏರ್‌ಬಸ್ ಎ220 ವಿಮಾನದ ಬಾಗಿಲುಗಳನ್ನು ಮಾಡುವ ಗುತ್ತಿಗೆ 2024ರಲ್ಲಿ ಬೆಂಗಳೂರಿನ ಕಂಪನಿಯೊಂದಕ್ಕೆ ದೊರೆಯಿತು.

ಇಷ್ಟು ಕೈಗಳಿರುವಲ್ಲಿ ಹೊಣೆಯು ಹಂಚಿಹೋಗಿ ಯಾರ ಪಾಲಿಗೂ ಏನೂ ಉಳಿಯದೇ ಹೋಗುವ ಅಪಾಯವಿದೆ. ಅದನ್ನು ತಪ್ಪಿಸಲು ವಿಮಾನಯಾನದ ನಿಯಮಗಳು ಒಂದು ಸ್ಪಷ್ಟ ಗೆರೆ ಎಳೆದಿವೆ. ವಿಮಾನವನ್ನು ಹಾರಾಟಕ್ಕೆ ಯೋಗ್ಯವಾದ ಸ್ಥಿತಿಯಲ್ಲಿ ಇಡುವ ಹೊಣೆ ಅದನ್ನು ನಡೆಸುವ ಕಂಪನಿಯದು. ದುರಸ್ತಿಯನ್ನು ಹೊರಗಿನ ಕಾರ್ಯಾಗಾರಕ್ಕೆ ವಹಿಸಬಹುದು, ಹೊಣೆಯನ್ನು ವಹಿಸಲಾಗದು. ಕೆಲಸ ಮುಗಿದ ಮೇಲೆ ಪರವಾನಗಿ ಪಡೆದ ಎಂಜಿನಿಯರು ಸಹಿ ಹಾಕದ ಹೊರತು ವಿಮಾನ ನೆಲ ಬಿಡುವಂತಿಲ್ಲ. ಪ್ರತಿ ಮುಖ್ಯ ಬಿಡಿಭಾಗದೊಂದಿಗೂ ಅದು ಎಲ್ಲಿಂದ ಬಂತು, ಯಾರು ಪರೀಕ್ಷಿಸಿದರು ಎಂಬ ಪ್ರಮಾಣಪತ್ರ ಬರಬೇಕು.

ಈ ಸಹಿಯ ಬೆಲೆ ಏನೆಂಬುದನ್ನು ನಮ್ಮ ರಾಜ್ಯವೇ ಕಂಡಿದೆ. ಬೆಂಗಳೂರು ಮೂಲದ ಕಿಂಗ್‌ಫಿಷರ್ ವಿಮಾನ ಸಂಸ್ಥೆ ಸಾಲದಲ್ಲಿ ಮುಳುಗಿದ್ದಾಗ, ತಿಂಗಳುಗಟ್ಟಲೆ ಸಂಬಳ ಕಾಣದ ಎಂಜಿನಿಯರುಗಳು 2012ರ ಅಕ್ಟೋಬರ್ ಆರಂಭದಲ್ಲಿ ಕೆಲಸಕ್ಕೆ ಬಾರದೇ ಹೋದರು. ಅವರ ಸಹಿ ಇಲ್ಲದೆ ಒಂದು ವಿಮಾನವೂ ಹಾರಲಿಲ್ಲ. ಅದೇ ತಿಂಗಳು ಪರವಾನಗಿಯೂ ಅಮಾನತಾಯಿತು. ಹಣಕಾಸಿನ ಕಷ್ಟ ಬಂದಾಗ ಮೊದಲು ಕತ್ತರಿ ಬೀಳುವುದು ನಿರ್ವಹಣೆಯ ಖರ್ಚಿಗೆ. ಆಗ ಆ ಸಹಿಯೇ ಕೊನೆಯ ಕಾವಲು.

ಹಳತಾಗುವುದು ಎಂದರೇನು?

ವಿಮಾನದ ವಯಸ್ಸನ್ನು ವರ್ಷಗಳಿಂದ ಮಾತ್ರ ಅಳೆಯುವುದಿಲ್ಲ. ಪ್ರತಿ ಸಲ ಮೇಲೇರಿದಾಗ ಒಳಗಿನ ಗಾಳಿಯ ಒತ್ತಡಕ್ಕೆ ಅದರ ಮೈ ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ಸಾವಿರಾರು ಸಲ ಬಾಗಿಸಿದ ತಂತಿ ಕೊನೆಗೆ ತುಂಡಾಗುವಂತೆ ರಿವೆಟ್ಟುಗಳ ಸುತ್ತ ಕಣ್ಣಿಗೆ ಕಾಣದ ಬಿರುಕುಗಳು ಹುಟ್ಟುತ್ತವೆ.

1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನದ ಮುಂಭಾಗದ ಛಾವಣಿ ಸುಮಾರು 18 ಅಡಿಗಳಷ್ಟು ಉದ್ದಕ್ಕೆ 24,000 ಅಡಿ ಎತ್ತರದಲ್ಲಿ ಕಿತ್ತುಹೋಯಿತು. ವಿಮಾನದ ವಯಸ್ಸು 19 ವರ್ಷ. ತಯಾರಕರು ಅದನ್ನು ವಿನ್ಯಾಸಗೊಳಿಸಿದ್ದು 75,000 ಹಾರಾಟಗಳಿಗೆ, ಅದು ಮುಗಿಸಿದ್ದು 89,680. ಗಗನಸಖಿಯೊಬ್ಬರು ಪ್ರಾಣ ಕಳೆದುಕೊಂಡರು. ಉಳಿದ 94 ಜನರನ್ನು ಪೈಲಟ್‌ಗಳು ಉಳಿಸಿದ್ದು ಪವಾಡವೇ ಸರಿ.

ಅಮೆರಿಕದ ತನಿಖಾ ಮಂಡಳಿ ಹೊಣೆಯನ್ನು ಹಂಚಿದ ಕ್ರಮ ಗಮನಾರ್ಹವಾದುದು. ಬಿರುಕುಗಳನ್ನು ಪತ್ತೆ ಮಾಡದ ವಿಮಾನ ಕಂಪನಿಯ ನಿರ್ವಹಣಾ ವ್ಯವಸ್ಥೆಯೇ ಮುಖ್ಯ ಕಾರಣವೆಂದಿತು. ಎಲ್ಲ ಜೋಡಣೆಗಳ ತಪಾಸಣೆಯನ್ನೂ ಕಡ್ಡಾಯ ಮಾಡದ ಸರ್ಕಾರಿ ನಿಯಂತ್ರಕರಿಗೂ, ಗೊತ್ತಿದ್ದ ದೋಷಕ್ಕೆ ಪೂರ್ಣ ಪರಿಹಾರ ಜಾರಿಯಾಗದಿದ್ದುದಕ್ಕೂ ತನ್ನ ವರದಿಯಲ್ಲಿ ಪಾಲು ಕೊಟ್ಟಿತು. ಅದೇ ವರದಿಯಲ್ಲಿ ಮತ್ತೊಂದು ಸಂಗತಿಯಿದೆ. ವಿಮಾನ ಹತ್ತುವಾಗ ಪ್ರಯಾಣಿಕರೊಬ್ಬರು ಬಾಗಿಲಿನ ಬಳಿ ಬಿರುಕೊಂದನ್ನು ಕಂಡಿದ್ದರು. ಅವರು ಯಾರಿಗೂ ಹೇಳಲಿಲ್ಲ. ಈ ಸಂಗತಿಗೆ ಮುಂದೆ ಮರಳುತ್ತೇನೆ.

ಹಳತಾದುದೆಲ್ಲ ಅಪಾಯವೆಂದಾಗಲಿ, ಹೊಸದೆಲ್ಲ ಭದ್ರವೆಂದಾಗಲಿ ಇದರ ಅರ್ಥವಲ್ಲ. 2024ರ ಜನವರಿ 5ರಂದು ಅಮೆರಿಕದ ಅಲಾಸ್ಕಾ ಏರ್‌ಲೈನ್ಸ್‌ನ ವಿಮಾನವೊಂದರ ಪಕ್ಕದ ಫಲಕ ಆಕಾಶದಲ್ಲಿ ಹಾರಿಹೋಯಿತು. ಆ ವಿಮಾನ ಕಂಪನಿಯ ಕೈಸೇರಿ ಮೂರು ತಿಂಗಳೂ ಆಗಿರಲಿಲ್ಲ. ಕಾರ್ಖಾನೆಯಲ್ಲಿ ಆ ಫಲಕವನ್ನು ಬಿಚ್ಚಿ ಮತ್ತೆ ಕೂರಿಸಿದವರು ನಾಲ್ಕು ಬೋಲ್ಟುಗಳನ್ನು ಹಾಕಿರಲಿಲ್ಲ. ಯಾರು ಬಿಚ್ಚಿದರು, ಯಾರು ಕೂರಿಸಿದರು ಎಂಬ ದಾಖಲೆಯೇ ಬೋಯಿಂಗ್ ಕಂಪನಿಯಲ್ಲಿ ದೊರೆಯಲಿಲ್ಲ. ಆ ವರ್ಷದ ಮೊದಲ ಮೂರು ತಿಂಗಳಲ್ಲೇ ಬೋಯಿಂಗ್ ಸುಮಾರು 16 ಕೋಟಿ ಡಾಲರ್ ಪರಿಹಾರವನ್ನು ವಿಮಾನ ಕಂಪನಿಗೆ ತೆರಬೇಕಾಯಿತು. ನಾಲ್ಕು ಬೋಲ್ಟು, ಒಂದು ದಾಖಲೆ: ಇವುಗಳ ಬೆಲೆ ಎಷ್ಟೆಂದು ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ದುರಸ್ತಿ ಮಾಡಿದವರ ಹೊಣೆ

ರಿಪೇರಿ ಮಾಡಿಸಿದ್ದೇವೆ, ಇನ್ನು ಚಿಂತೆಯಿಲ್ಲ ಎನ್ನುವವರು ಜಪಾನಿನ ದುರಂತವನ್ನು ನೆನೆಯಬೇಕು. 1978ರಲ್ಲಿ ಜಪಾನ್ ಏರ್‌ಲೈನ್ಸ್‌ನ ಬೋಯಿಂಗ್ 747 ವಿಮಾನವೊಂದರ ಬಾಲ ನೆಲಕ್ಕೆ ತಾಗಿ ಜಖಂ ಆಯಿತು. ದುರಸ್ತಿಗೆ ಬಂದವರು ತಯಾರಕ ಕಂಪನಿಯವರೇ. ಅಖಂಡವಾಗಿರಬೇಕಿದ್ದ ಜೋಡಣೆಯ ತಗಡನ್ನು ಎರಡು ತುಂಡು ಮಾಡಿ ಕೂರಿಸಿದ ಕಾರಣ ಎರಡು ಸಾಲು ರಿವೆಟ್ಟುಗಳು ಹೊರಬೇಕಾದ ಭಾರವನ್ನು ಒಂದೇ ಸಾಲು ಹೊತ್ತಿತು. ಅದು ಏಳು ವರ್ಷ ಹೊತ್ತಿತು. 1985ರ ಆಗಸ್ಟ್ 12ರಂದು ಕೈಚೆಲ್ಲಿತು. 520 ಜನ ಅಸುನೀಗಿದರು. ಕೆಟ್ಟ ರಿಪೇರಿ ಮರುದಿನವೇ ಮುರಿಯಬೇಕೆಂದೇನೂ ಇಲ್ಲ.

ಕಳಚಿ ಬಿದ್ದ ಭಾಗದ ಹೊಣೆಯನ್ನು ನ್ಯಾಯಾಲಯವೇ ತೂಗಿ ನೋಡಿದ ಪ್ರಸಿದ್ಧ ಪ್ರಕರಣವೆಂದರೆ ಕಾಂಕಾರ್ಡ್ ವಿಮಾನದ್ದು. 2000ದ ಜುಲೈ 25ರಂದು ಪ್ಯಾರಿಸ್ಸಿನಲ್ಲಿ ಅದು ಹೊರಡುವ ಕೆಲವೇ ನಿಮಿಷಗಳ ಮುನ್ನ ಅಮೆರಿಕದ ಕಾಂಟಿನೆಂಟಲ್ ಏರ್‌ಲೈನ್ಸ್‌ನ ವಿಮಾನವೊಂದು ಅದೇ ರನ್‌ವೇಯಿಂದ ಹೋಗಿತ್ತು. ಅದರ ಎಂಜಿನ್ ಕವಚದಿಂದ ಸುಮಾರು 43 ಸೆಂಟಿಮೀಟರ್ ಉದ್ದದ ಟೈಟಾನಿಯಂ ಪಟ್ಟಿಯೊಂದು ಕಳಚಿ ಬಿದ್ದಿತ್ತು. ಕೆಲವು ದಿನಗಳ ಹಿಂದಷ್ಟೇ ಆ ಪಟ್ಟಿಯನ್ನು ಬದಲಿಸಲಾಗಿತ್ತು, ಆದರೆ ತಯಾರಕರ ನಿರ್ದಿಷ್ಟ ಮಾನದಂಡದಂತೆ ಅಲ್ಲ. ಅದರ ಮೇಲೆ ಹಾಯ್ದ ಕಾಂಕಾರ್ಡ್‌ನ ಚಕ್ರ ಸಿಡಿದು, ಚೂರುಗಳು ಇಂಧನದ ತೊಟ್ಟಿಗೆ ಬಡಿದು, ಬೆಂಕಿ ಹೊತ್ತಿ 113 ಜನ ಸತ್ತರು. ಅವರಲ್ಲಿ ನಾಲ್ವರು ನೆಲದ ಮೇಲಿದ್ದವರು.

2010ರ ಡಿಸೆಂಬರಿನಲ್ಲಿ ಫ್ರಾನ್ಸಿನ ನ್ಯಾಯಾಲಯವು ಕಾಂಟಿನೆಂಟಲ್ ಕಂಪನಿಯನ್ನೂ, ಪಟ್ಟಿ ಕೂರಿಸಿದ ಮೆಕ್ಯಾನಿಕನನ್ನೂ ಅಪರಾಧಿಗಳೆಂದಿತು. 2012ರ ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಆ ಕ್ರಿಮಿನಲ್ ತೀರ್ಪನ್ನು ರದ್ದುಗೊಳಿಸಿತು. ಆದರೆ ಏರ್ ಫ್ರಾನ್ಸ್‌ಗೆ ಕಂಪನಿ ಕೊಡಬೇಕಾದ 10 ಲಕ್ಷ ಯೂರೋ ಪರಿಹಾರವನ್ನು ಉಳಿಸಿತು. ಅರ್ಥ ಇಷ್ಟೇ: ಪಟ್ಟಿ ಕೂರಿಸಿದವನು ಕೊಲೆಗಡುಕನಲ್ಲ, ಆದರೆ ಅವನ ಕೆಲಸದ ನಷ್ಟವನ್ನು ಅವನನ್ನು ಕೆಲಸಕ್ಕಿಟ್ಟ ಸಂಸ್ಥೆ ತುಂಬಿಕೊಡಬೇಕು. ಶಿಕ್ಷೆ ಬೇರೆ, ಹೊಣೆ ಬೇರೆ. ನಮ್ಮಲ್ಲಿ ಈ ಎರಡನ್ನೂ ಕಲಸಿಬಿಡುವುದರಿಂದಲೇ, ಜೈಲಿಗೆ ಹೋಗಬೇಕಾದೀತೆಂಬ ಭಯದಿಂದ ಎಲ್ಲರೂ ಎಲ್ಲವನ್ನೂ ಮುಚ್ಚಿಡುತ್ತಾರೆ.

ಮೊದಲು ಕೊಡುವವರು ಯಾರು?

ಕಾನೂನು ಇನ್ನೊಂದು ಭೇದವನ್ನೂ ಮಾಡುತ್ತದೆ. ತಪ್ಪು ಯಾರದೆಂದು ತೀರ್ಮಾನವಾಗುವವರೆಗೆ ನೊಂದವರು ಕಾಯಬೇಕಾಗಿಲ್ಲ. 2010ರ ಮೇ 22ರ ಮಂಗಳೂರು ದುರಂತದಲ್ಲಿ 158 ಜನ ಮೃತರಾದರು. ಅದರ ಕಾರಣ ವಿಮಾನದ ವಯಸ್ಸಾಗಿರಲಿಲ್ಲ. ಆದರೆ ಪರಿಹಾರದ ತತ್ತ್ವ ಒಂದೇ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಅನ್ವಯವಾಗುವ ಮಾಂಟ್ರಿಯಲ್ ಒಪ್ಪಂದದಂತೆ ಒಂದು ಮಿತಿಯವರೆಗೆ ವಿಮಾನ ಕಂಪನಿಯೇ ತಪ್ಪಿನ ಪ್ರಶ್ನೆಯಿಲ್ಲದೆ ಕೊಡಬೇಕು. ಆ ಮಿತಿಯ ಮೇಲೆ, ತನ್ನ ನಿರ್ಲಕ್ಷ್ಯವಿಲ್ಲವೆಂದು ರುಜುವಾತು ಮಾಡುವ ಭಾರವೂ ಕಂಪನಿಯ ಮೇಲೆಯೇ. ಆದರೂ ಮೃತರೊಬ್ಬರ ಕುಟುಂಬಕ್ಕೆ ಸುಪ್ರೀಂ ಕೋರ್ಟಿನಿಂದ 7.64 ಕೋಟಿ ರೂಪಾಯಿಗಳ ಅಂತಿಮ ಆದೇಶ ಬಂದದ್ದು 2020ರಲ್ಲಿ, ಹತ್ತು ವರ್ಷಗಳ ನಂತರ. ಮೊದಲು ಕೊಟ್ಟ ಕಂಪನಿ ನಂತರ ತಯಾರಕರ ಮೇಲೋ ರಿಪೇರಿಯವರ ಮೇಲೋ ದಾವೆ ಹೂಡಿ ವಸೂಲಿ ಮಾಡಬಹುದು. ಅದಕ್ಕೆ ಕಾಗದಪತ್ರ ಬೇಕು.

ಈ ತತ್ತ್ವ ಈಗ ನಮ್ಮ ಅಂಗಡಿಗಳ ಬಾಗಿಲಿಗೂ ಬಂದಿದೆ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನದ ಹೊಣೆಯ ಬಗ್ಗೆ ಪ್ರತ್ಯೇಕ ಅಧ್ಯಾಯವಿದೆ. ದೋಷಯುಕ್ತ ವಸ್ತುವಿನಿಂದ ಗ್ರಾಹಕನಿಗೆ ಹಾನಿಯಾದರೆ ತಯಾರಕ, ಸೇವೆ ಒದಗಿಸಿದವ, ಮಾರಾಟಗಾರ ಮೂವರನ್ನೂ ಪ್ರಶ್ನಿಸಬಹುದು. ವರ್ತಕರು ಮುಖ್ಯವಾಗಿ ಗಮನಿಸಬೇಕಾದುದು ಅದರ 86ನೆಯ ಕಲಮು. ವಸ್ತುವನ್ನು ಮಾರ್ಪಾಡು ಮಾಡಿ ಮಾರಿದ್ದು ಹಾನಿಗೆ ಮುಖ್ಯ ಕಾರಣವಾದರೆ, ಜೋಡಣೆ ಅಥವಾ ತಪಾಸಣೆಯಲ್ಲಿ ಎಚ್ಚರ ತಪ್ಪಿದರೆ ಮಾರಾಟಗಾರ ಹೊಣೆಗಾರ. ತಯಾರಕ ಯಾರೆಂದೇ ತಿಳಿಯದಿದ್ದರೂ ಮಾರಾಟಗಾರನೇ ಹೊಣೆಗಾರ! ಬಿಲ್ಲಿಲ್ಲದೆ ಕೊಂಡ ಮಾಲಿನ ತಯಾರಕನನ್ನು ಎಲ್ಲಿಂದ ತೋರಿಸುವಿರಿ? ಮೊಳಕಾಲ್ಮೂರಿನ ಸೀರೆ ವ್ಯಾಪಾರಿಗಳು ನೇಕಾರನ ಹೆಸರು, ಜರಿ ಮತ್ತು ಬಣ್ಣದ ಮೂಲವನ್ನು ಬರೆದಿಟ್ಟುಕೊಳ್ಳುವುದು ಭೌಗೋಳಿಕ ಸೂಚಕದ ಮಾನ್ಯತೆಗೆ ಗೌರವ ಮಾತ್ರವಲ್ಲ, ತಮ್ಮ ರಕ್ಷಣೆಯೂ ಹೌದು.

ವಾಣಿಜ್ಯ ಉದ್ದೇಶಕ್ಕೆ ಯಂತ್ರ ಕೊಂಡವರು ಸಾಮಾನ್ಯವಾಗಿ ಈ ಕಾಯ್ದೆಯ ಅರ್ಥದಲ್ಲಿ ಗ್ರಾಹಕರಲ್ಲ. ಗಿರಣಿ ಮಾಲೀಕರಿಗೂ ವರ್ಕ್‌ಶಾಪಿಗೂ ನಡುವೆ ಒಪ್ಪಂದದ ಷರತ್ತೇ ಆಧಾರ. ಷರತ್ತನ್ನು ಬರೆದೇ ಇಲ್ಲದಿದ್ದರೆ ಆಧಾರ ಯಾವುದು?

ಕಾಗದ ಇದ್ದರಷ್ಟೇ ಸಾಲದು, ಅದು ಸತ್ಯವೂ ಆಗಿರಬೇಕು. ಲಂಡನ್ನಿನ ವ್ಯಾಪಾರಿ ಸಂಸ್ಥೆಯೊಂದು ಖೋಟಾ ಪ್ರಮಾಣಪತ್ರಗಳೊಂದಿಗೆ ಸಾವಿರಾರು ಎಂಜಿನ್ ಬಿಡಿಭಾಗಗಳನ್ನು ಮಾರಿದ್ದು 2023ರಲ್ಲಿ ಬಯಲಾಯಿತು. ಅನುಮಾನ ಬಂದು ತಯಾರಕರನ್ನೇ ಕೇಳಿ ತಾಳೆ ನೋಡಿದಾಗ ಮೋಸ ಹೊರಬಿತ್ತು. ಹಲವು ದೇಶಗಳ ಕಂಪನಿಗಳು ತಮ್ಮ ಎಂಜಿನ್‌ಗಳನ್ನು ತಪಾಸಣೆ ಮಾಡಬೇಕಾಯಿತು.

ಲೆಕ್ಕಪುಸ್ತಕ ಹೇಳದ ಮಾತು

ಲೆಕ್ಕಪರಿಶೋಧಕನಾಗಿ ನನ್ನ ಕಡೆಯ ತಪ್ಪನ್ನೂ ಹೇಳಿಕೊಳ್ಳಬೇಕು. ಹತ್ತು ಲಕ್ಷ ರೂಪಾಯಿಯ ಯಂತ್ರಕ್ಕೆ ವರ್ಷಕ್ಕೆ ಶೇಕಡಾ 15ರಂತೆ ಇಳಿಯುವ ಮೌಲ್ಯದ ಮೇಲೆ ಸವಕಳಿ ತೆಗೆದರೆ ಇಪ್ಪತ್ತು ವರ್ಷಗಳ ನಂತರ ಪುಸ್ತಕದಲ್ಲಿ ಉಳಿಯುವುದು ಸುಮಾರು 38,760 ರೂಪಾಯಿ. ಪುಸ್ತಕದಲ್ಲಿ ಯಂತ್ರ ಬಹುತೇಕ ಸತ್ತಿರುತ್ತದೆ, ಗಿರಣಿಯಲ್ಲಿ ಅದು ಹಗಲಿರುಳು ಓಡುತ್ತಿರುತ್ತದೆ. ಸವಕಳಿ ಹೋದ ಯಂತ್ರದ ಉತ್ಪಾದನೆಯನ್ನು ಪುಕ್ಕಟೆ ಲಾಭವೆಂದು ಭಾವಿಸುವ ಅಭ್ಯಾಸ ನಮ್ಮಲ್ಲಿದೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಚಳ್ಳಕೆರೆಯ ಒಂದು ಎಣ್ಣೆ ಗಿರಣಿಯ ಲೆಕ್ಕ ನನ್ನ ಬಳಿ ಇತ್ತು. ಸತತ ಮೂರು ವರ್ಷ ಅದರ ರಿಪೇರಿ ಖಾತೆಯಲ್ಲಿ ಗ್ರೀಸು, ಬೆಲ್ಟುಗಳ ಸಣ್ಣ ಮೊತ್ತ ಬಿಟ್ಟರೆ ಬೇರೇನೂ ಇರಲಿಲ್ಲ. ಖರ್ಚು ಇಳಿದಿದೆ, ಲಾಭ ಏರಿದೆ ಎಂದು ನಾನು ಸಂತೋಷಪಟ್ಟು ಸಹಿ ಹಾಕಿದೆ. ನಾಲ್ಕನೆಯ ವರ್ಷ ಶೇಂಗಾ ಬೀಜವನ್ನು ಮೇಲಕ್ಕೆ ಸಾಗಿಸುವ ಎಲಿವೇಟರಿನ ಮೇಲಿನ ರಾಟೆ ಕಳಚಿ ಬಿದ್ದು ಕೆಳಗಿದ್ದ ಹಮಾಲಿಯೊಬ್ಬರ ಭುಜದ ಮೂಳೆ ಮುರಿಯಿತು. ಅವರು ಮತ್ತೆ ಮೂಟೆ ಹೊರಲಿಲ್ಲ.

ಮಾಲೀಕರು ವರ್ಕ್‌ಶಾಪಿನವರನ್ನು ಕೇಳಿದರು. ಅವರು, ತಾವು ಬೇರಿಂಗ್ ಮಾತ್ರ ಹಾಕಿದ್ದು, ಬೋಲ್ಟು ತಮ್ಮದಲ್ಲವೆಂದರು. ಬೋಲ್ಟು ಮಾರಿದ ಅಂಗಡಿಯವರು ಬಿಲ್ಲು ಕೇಳಿದರು. ಬಿಲ್ಲಿರಲಿಲ್ಲ. ತೆರಿಗೆ ಉಳಿಸಲು ಬಿಲ್ಲಿಲ್ಲದೆ ಕೊಂಡ ನಾಲ್ಕು ಬೋಲ್ಟುಗಳಿಗಾಗಿ ಮಾಲೀಕರು ಚಿಕಿತ್ಸೆಯ ಖರ್ಚನ್ನೂ ಪರಿಹಾರವನ್ನೂ ಪೂರ್ತಿ ತಾವೇ ಹೊತ್ತರು. ನಾನು ಆಸ್ಪತ್ರೆಗೆ ಹೋದಾಗ ಆ ಹಮಾಲಿ ಹೇಳಿದ ಮಾತು ಇಂದಿಗೂ ಮರೆತಿಲ್ಲ: "ಅದು ವಾರದಿಂದ ಸದ್ದು ಮಾಡ್ತಿತ್ತು ಸ್ವಾಮಿ, ಎಲ್ಲರಿಗೂ ಕೇಳ್ತಿತ್ತು."

ಗಿರಣಿಯಲ್ಲಿದ್ದವರಿಗೆ ಕಿವಿಗೆ ಕೇಳಿತ್ತು. ನನಗೆ ರಿಪೇರಿ ಖಾತೆಯಲ್ಲಿ ಕಣ್ಣಿಗೆ ಕಂಡಿತ್ತು. ಹವಾಯಿಯಲ್ಲಿ ಬಿರುಕು ಕಂಡೂ ಸುಮ್ಮನೆ ಹೋಗಿ ಕುಳಿತ ಆ ಪ್ರಯಾಣಿಕರನ್ನು ದೂರುವ ಹಕ್ಕು ನನಗಿಲ್ಲ. ಕಾನೂನಿನಂತೆ ನಾನು ಹೊಣೆಗಾರನಲ್ಲ. ಆದರೆ ಮಾಲೀಕರನ್ನು ಕೂರಿಸಿಕೊಂಡು, ಮೂರು ವರ್ಷದಿಂದ ಎಲಿವೇಟರನ್ನು ಯಾರೂ ಬಿಚ್ಚಿ ನೋಡಿಲ್ಲವೇ ಎಂದು ಒಂದು ಮಾತು ಕೇಳಬಹುದಿತ್ತು. ಅಂದಿನಿಂದ ರಿಪೇರಿ ಖರ್ಚು ಇಳಿದಿರುವ ಯಾವ ಲೆಕ್ಕಕ್ಕೂ ನಾನು ಕಾರಣ ಕೇಳದೆ ಸಹಿ ಹಾಕಿಲ್ಲ.

ಕೆಲವು ಸಲಹೆಗಳು

ವಿಮಾನಯಾನದ ಪಾಠವನ್ನು ನಮ್ಮ ಅಳತೆಗೆ ಇಳಿಸಿಕೊಂಡು ಸದಸ್ಯರ ಪರಿಶೀಲನೆಗಾಗಿ ಈ ಸಲಹೆಗಳನ್ನು ಮುಂದಿಡುತ್ತೇನೆ.

1. ಪ್ರತಿ ಮುಖ್ಯ ಯಂತ್ರಕ್ಕೂ ಒಂದು ರಿಜಿಸ್ಟರ್ ಇರಲಿ. ಯಾವ ಭಾಗ, ಯಾವಾಗ, ಯಾರಿಂದ ಕೊಂಡದ್ದು, ಕೂರಿಸಿದವರು ಯಾರು ಎಂಬುದನ್ನು ಬರೆದು ಸಹಿ ಮಾಡಿಸಿರಿ.

2. ದುರಸ್ತಿಯ ನಂತರ "ಓಡಿಸಬಹುದು" ಎಂದು ಹೇಳುವ ಅಧಿಕಾರ ಒಬ್ಬರಿಗೇ ಇರಲಿ. ಅವರು ಬೇಡವೆಂದರೆ ಹಂಗಾಮಿನ ಗಡಿಬಿಡಿಯಲ್ಲಿಯೂ ಮಾಲೀಕರು ಒತ್ತಾಯಿಸಬಾರದು.

3. ವಿಮಾನ ಕಂಪನಿಗಳು ವಿಮಾನವನ್ನು ಗುತ್ತಿಗೆಗೆ ಕೊಟ್ಟವರಿಗೆ ಹಾರಾಟದ ಗಂಟೆಗಳ ಲೆಕ್ಕದಲ್ಲಿ ನಿರ್ವಹಣಾ ಮೀಸಲು ಕಟ್ಟುವುದುಂಟು. ನಾವೂ ಅರೆದ ಪ್ರತಿ ಕ್ವಿಂಟಲ್‌ಗೆ ಇಂತಿಷ್ಟೆಂದು ಬೇರೆ ಖಾತೆಯಲ್ಲಿಡಬಹುದು. ಹಣ ಖರ್ಚಾಗುವವರೆಗೆ ಇದಕ್ಕೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗದು, ನಿಜ. ಆದರೆ ಬೇಕಾದ ಹೊತ್ತಿಗೆ ಹಣ ಸಿಗುತ್ತದೆ.

4. ಬೋಲ್ಟು, ಬೇರಿಂಗು, ಹಗ್ಗ, ಕೊಂಡಿಗಳಂತಹ ಭಾರ ಹೊರುವ ವಸ್ತುಗಳನ್ನು ಎಂದಿಗೂ ಬಿಲ್ಲಿಲ್ಲದೆ ಕೊಳ್ಳಬೇಡಿರಿ, ಮಾರಬೇಡಿರಿ.

5. ಸದ್ದು, ಬಿರುಕು, ಬಿಸಿಯನ್ನು ಮೊದಲು ತಿಳಿಸಿದ ಕಾರ್ಮಿಕರನ್ನು ಗದರಿಸದೆ ಪುರಸ್ಕರಿಸಿರಿ. ಅವರು ತಿಳಿಸಿದ ದಿನಾಂಕವೂ ರಿಜಿಸ್ಟರಿನಲ್ಲಿರಲಿ.

ಸಣ್ಣ ಉದ್ದಿಮೆಗೆ ಇಷ್ಟೆಲ್ಲ ದಾಖಲೆ ಇಡುವುದು ಹೊರೆಯೆಂಬ ಆಕ್ಷೇಪಣೆ ಬರುತ್ತದೆ. ಅದರಲ್ಲಿ ಸತ್ಯವಿಲ್ಲದಿಲ್ಲ. ತೆರಿಗೆಯ ನಮೂನೆಗಳನ್ನು ತುಂಬುವುದರಲ್ಲಿಯೇ ಬಳಲಿದವರಿಗೆ ಮತ್ತೊಂದು ರಿಜಿಸ್ಟರ್ ಬೇಡವೆನಿಸುವುದು ಸಹಜ. ಆದರೆ ಇದು ಅಧಿಕಾರಿಗಳಿಗೆ ತೋರಿಸುವ ಪುಸ್ತಕವಲ್ಲ, ನಮ್ಮನ್ನು ನಾವು ಕಾಪಾಡಿಕೊಳ್ಳುವ ಪುಸ್ತಕ. ನಮ್ಮ ವಾಣಿಜ್ಯ ಸಂಸ್ಥೆಯೇ ಎಣ್ಣೆ ಗಿರಣಿಗಳಿಗೂ ಮಗ್ಗಗಳಿಗೂ ಹೊಂದುವ ಸರಳವಾದ ಒಂದು ಪುಟದ ಮಾದರಿಯನ್ನು ಕನ್ನಡದಲ್ಲಿ ಮುದ್ರಿಸಿ ಸದಸ್ಯರಿಗೆ ಹಂಚಿದರೆ ಉಪಕಾರವಾದೀತು.

ಹಾಗಾದರೆ ಹಳೆಯ ವಿಮಾನದ ಭಾಗ ಕಳಚಿ ಬಿದ್ದರೆ ಹೊಣೆ ಯಾರು? ಅದು ಓಡಲು ಯೋಗ್ಯವೆಂದು ಹೇಳಿ ಓಡಿಸಿದವರೇ ಮೊದಲ ಹೊಣೆಗಾರರು. ತಯಾರಕರು, ದುರಸ್ತಿಯವರು, ಮಾರಾಟಗಾರರು, ನಿಯಂತ್ರಕರು ತಮ್ಮ ತಮ್ಮ ಪಾಲಿನಷ್ಟಕ್ಕೆ ನಂತರದ ಹೊಣೆಗಾರರು. ದಾಖಲೆಯಿಲ್ಲದವರು ತಮ್ಮ ಪಾಲಿನ ಜೊತೆಗೆ ಉಳಿದವರ ಪಾಲನ್ನೂ ಹೊರುತ್ತಾರೆ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆ ನಮ್ಮದು. ಬರೆದಿಡದವರು ಮಾಡದ್ದನ್ನೂ ಉಣ್ಣಬೇಕಾಗುತ್ತದೆ. ಈ ತಿಂಗಳು ಗಿರಣಿಯಲ್ಲಿ ಯಾವುದಾದರೂ ಯಂತ್ರ ಹೊಸ ಸದ್ದು ಮಾಡುತ್ತಿದ್ದರೆ ದಯವಿಟ್ಟು ಇಂದೇ ನಿಲ್ಲಿಸಿ ನೋಡಿರಿ.